ಅಳಿವೆಯ ಹಾಯಿದೋಣಿಗೆ ಎಂಜಿನ್ನೋ ಹುಟ್ಟೋ: ಒಂದು ಪ್ರಕರಣ ಅಧ್ಯಯನ

ಅಘನಾಶಿನಿ ನದಿ ಕುಮಟಾ ತಾಲ್ಲೂಕಿನಲ್ಲಿ ಸಮುದ್ರಕ್ಕೆ ಸೇರುವಲ್ಲಿ ಬಡಗಣ ದಂಡೆಯಲ್ಲಿ ತದಡಿ ಇದೆ, ತೆಂಕಣ ದಂಡೆಯಲ್ಲಿ ನದಿಯ ಹೆಸರನ್ನೇ ಹೊತ್ತ ಅಘನಾಶಿನಿ ಊರಿದೆ. ಇವೆರಡರ ನಡುವಿನ ಅಳಿವೆ ಬಾಗಿಲು ಇಕ್ಕಟ್ಟಾದದ್ದು. ಅದನ್ನು ದಾಟಿ ಒಳಗೆ ಬಂದರೆ ನೀರು ಅಗಲವಾಗಿ ಹರಡಿಕೊಳ್ಳುತ್ತದೆ, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಕುದುರುಗಳು (ನಡುಗಡ್ಡೆಗಳು), ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳ ಕಟ್ಟುಗಳು, ಇಳಿತದ ಹೊತ್ತಿಗೆ ಮೇಲೇಳುವ ಬೆಳಚಿನ (ಚಿಪ್ಪುಮೀನಿನ) ದಿಬ್ಬಗಳು ಕಾಣಿಸುತ್ತವೆ. ನದಿಗೆ ಅಡ್ಡಲಾಗಿ ಎಲ್ಲಿಯೂ ದೊಡ್ಡ ಅಣೆಕಟ್ಟು ಇಲ್ಲದ ಕಾರಣ ಉಪ್ಪುನೀರು ಮತ್ತು ಸಿಹಿನೀರಿನ ಸಹಜ ಹೊಂದಾಣಿಕೆ ಇಲ್ಲಿ ಉಳಿದುಕೊಂಡಿದೆ. 2024ರ ಜನವರಿಯಲ್ಲಿ ಈ ಅಳಿವೆ ರಾಮ್ಸಾರ್ ತಾಣಗಳ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ಪಟ್ಟಿಗೆ ಸೇರಿತು. ಈ ಪ್ರಕರಣಕ್ಕೆ ಸಂಬಂಧಪಟ್ಟ ಸಂಗತಿ ಮಾತ್ರ ಇನ್ನೂ ಸರಳವಾದದ್ದು: ದಿನಕ್ಕೆರಡು ಸಲ ಇಷ್ಟು ಅಗಲದ ಹಿನ್ನೀರು ಆ ಇಕ್ಕಟ್ಟಾದ ಬಾಗಿಲಿನಲ್ಲಿಯೇ ಒಳಬಂದು ಹೊರಹೋಗಬೇಕು.

ದೋಣಿಯ ಒಡೆಯರು ಕಾಲೇಜು ಅಧ್ಯಾಪಕರಾಗಿ ನಿವೃತ್ತರಾದವರು, ವಯಸ್ಸು ಅರವತ್ತೆರಡು. ಊರಿನವರು ಅವರನ್ನು ಮಾಸ್ತರ್ರು ಎಂದೇ ಕರೆಯುವುದರಿಂದ ನಾನೂ ಹಾಗೆಯೇ ಬರೆಯುತ್ತೇನೆ. ಎರಡು ವರ್ಷ ಹಿಡಿದು ಮನೆಯ ಹಿಂದಿನ ಚಪ್ಪರದಡಿ ಅವರು ಕಟ್ಟಿಕೊಂಡದ್ದು ಪ್ಲೈವುಡ್ ಮತ್ತು ಇಪಾಕ್ಸಿ ಅಂಟಿನ ಹಾಯಿದೋಣಿ. ಅದರ ಉದ್ದ 4.6 ಮೀಟರ್, ನಡುವಿನ ಅಗಲ 1.5 ಮೀಟರ್, ಖಾಲಿ ತೂಕ 120 ಕಿಲೋ; ಮೂವರು ಕುಳಿತು ಸಾಮಾನು ಹೇರಿದರೆ ಒಟ್ಟು 380 ಕಿಲೋದ ಆಸುಪಾಸು. ಹಾಯಿ ನಾಲ್ಕು ಮೂಲೆಯ ಲಗ್ ಮಾದರಿಯದು, ಒಂಬತ್ತು ಚದರ ಮೀಟರ್. ಹಾಯಿಯ ಕಂಬವನ್ನು ಎಳೆದು ಕಟ್ಟುವ ತಂತಿಗಳಿಲ್ಲ. ಬುಡವನ್ನು ಗೂಡಿನಿಂದ ಮೇಲೆತ್ತಿದರೆ ಕಂಬ ಪೂರ್ತಿಯಾಗಿ ಕೈಗೆ ಬರುತ್ತದೆ. ಈ ಕೊನೆಯ ಅಂಶವನ್ನು ಆರಂಭದಲ್ಲಿ ಯಾರೂ ಗಮನಿಸಿರಲಿಲ್ಲ, ನಾನೂ ಗಮನಿಸಿರಲಿಲ್ಲ.

ಫೆಬ್ರವರಿಯ ಒಂದು ಶನಿವಾರ ಮಾಸ್ತರ್ರು, ಬೆಂಗಳೂರಿನಲ್ಲಿ ಎಂಜಿನಿಯರ್ ಆಗಿರುವ ಅವರ ಮಗಳು ಮತ್ತು ಮಗಳ ಗೆಳತಿ ಅಳಿವೆ ದಾಟಿ ಗೋಕರ್ಣದ ದಿಕ್ಕಿಗೆ ಹೊರಟರು. ಬೆಳಗಿನ ಮೂಡಗಾಳಿ ಅವರನ್ನು ಹೊರಗೆ ಕೊಂಡೊಯ್ದಿತು, ಮಧ್ಯಾಹ್ನದ ಪಡುಗಾಳಿ ಬೇಲೆಕಾನಿನ ಎದುರಿನ ನೀರಿನಲ್ಲಿ ಎರಡು ತಾಸು ಸೊಗಸಾಗಿ ಓಡಿಸಿತು. ಹಿಂದಿರುಗುವುದು ತಡವಾಯಿತು. ಆ ದಿನ ಉಬ್ಬರ ತುಂಬಿದ್ದು ಮಧ್ಯಾಹ್ನ ಮೂರೂವರೆಯ ಹೊತ್ತಿಗೆ. ಅವರು ಅಳಿವೆ ಬಾಗಿಲಿಗೆ ಬಂದದ್ದು ಸಂಜೆ ಆರು ಕಾಲಿಗೆ, ಅಂದರೆ ಇಳಿತ ತನ್ನ ಪೂರ್ಣ ಜೋರಿನಲ್ಲಿರುವ ಹೊತ್ತಿಗೆ. ಅದೇ ಸಮಯಕ್ಕೆ ಸಂಜೆಯ ಗಾಳಿಯೂ ಬಿದ್ದುಹೋಯಿತು. ಹಾಯಿ ಜೋತುಬಿದ್ದಿತು. ಮಾಸ್ತರ್ರು ಹುಟ್ಟುಗಳನ್ನು ಹಾಕಿ ನಲವತ್ತು ನಿಮಿಷ ಎಳೆದರು, ದಂಡೆಯ ಮೇಲಿನ ಒಂದೇ ತೆಂಗಿನಮರ ಅಷ್ಟೂ ಹೊತ್ತು ಅವರ ಪಕ್ಕದಲ್ಲೇ ನಿಂತಿತ್ತು. ಕತ್ತಲಾದ ಮೇಲೆ ಮೀನುಗಾರಿಕೆಯ ದೋಣಿಯೊಂದು ಹಗ್ಗ ಕೊಟ್ಟು ಎಳೆದುಕೊಂಡು ಬಂದು ತದಡಿಯ ದಕ್ಕೆಗೆ ಮುಟ್ಟಿಸಿತು. ಯಾರಿಗೂ ಪೆಟ್ಟಾಗಲಿಲ್ಲ.

ಮಾರನೆಯ ದಿನವೇ ಮನೆಯಲ್ಲಿ ಎರಡು ಪಕ್ಷಗಳಾದವು. ಮಗಳ ನಿಲುವು ಸ್ಪಷ್ಟವಾಗಿತ್ತು: "ಅಪ್ಪ, ಎಂಜಿನ್ ಹಾಕಿಸದೆ ಇನ್ನು ಆ ಬಾಗಿಲು ದಾಟೂದು ಬೇಡ." ಮಾಸ್ತರ್ರದು ಅಷ್ಟೇ ಸ್ಪಷ್ಟವಾದ ವಿರೋಧ, ಶಬ್ದ ಮತ್ತು ಹೊಗೆ ಬೇಕೆಂದಿದ್ದರೆ ತಾನು ಹಾಯಿದೋಣಿಯನ್ನೇಕೆ ಕಟ್ಟಬೇಕಿತ್ತು ಎಂಬುದು ಅವರ ಪ್ರಶ್ನೆ. ಅಂಥ ದೋಣಿಗಳನ್ನು ಕಟ್ಟಿ ಕೈಸುಟ್ಟುಕೊಂಡವನು ಎಂಬ ಕಾರಣಕ್ಕೆ ಇಬ್ಬರೂ ನನ್ನ ಅಭಿಪ್ರಾಯ ಕೇಳಿದರು.

ಮೊದಲು ಅಳೆದದ್ದು

ಇಬ್ಬರ ವಾದದಲ್ಲಿಯೂ ಅಂಕಿಗಳಿರಲಿಲ್ಲ. ಹಾಗಾಗಿ ನಾವು ಮೊದಲು ಮಾಡಿದ ಕೆಲಸ, ಫೆಬ್ರವರಿಯ ಆ ಸಂಜೆಗೆ ಹೋಲುವ ಇಳಿತದ ದಿನವನ್ನು ನೋಡಿಕೊಂಡು ನೀರಿನ ಓಟವನ್ನು ಅಳೆದದ್ದು. ಅದಕ್ಕೆ ಬೇಕಾದದ್ದು ಒಂದು ಒಣ ತೆಂಗಿನಕಾಯಿ, ದಂಡೆಗುಂಟ ನೂರು ಮೀಟರ್ ಅಂತರದಲ್ಲಿ ನೆಟ್ಟ ಎರಡು ಗೂಟ, ಒಂದು ಗಡಿಯಾರ. ನಡುನೀರಿನಲ್ಲಿ ಬಿಟ್ಟ ಕಾಯಿ ನೂರು ಮೀಟರನ್ನು 105 ಸೆಕೆಂಡಿನಲ್ಲಿ ಕಳೆಯಿತು. ಅಂದರೆ ಗಂಟೆಗೆ 3.4 ಕಿ.ಮೀ. ಅದೇ ಕಾಯನ್ನು ದಂಡೆಯಿಂದ ಆರೇಳು ಮೀಟರ್ ದೂರದಲ್ಲಿ ಬಿಟ್ಟಾಗ ನಾಲ್ಕು ನಿಮಿಷ ಹಿಡಿಯಿತು. ಅಂದರೆ ಗಂಟೆಗೆ ಒಂದೂವರೆ ಕಿ.ಮೀ. ದಂಡೆಯ ಬದಿಯ ನೀರು ತಳಕ್ಕೂ ಕಲ್ಲಿಗೂ ಉಜ್ಜಿಕೊಂಡು ನಿಧಾನವಾಗುತ್ತದೆ ಎಂಬುದು ಅಂಬಿಗರಿಗೆ ಹೊಸದಲ್ಲ. ಗೂಟ ನೆಡುವುದನ್ನು ನೋಡುತ್ತಿದ್ದ ಹಿರಿಯ ಅಂಬಿಗರೊಬ್ಬರು ನಮ್ಮ ಲೆಕ್ಕ ಮುಗಿಯುವ ಮುಂಚೆಯೇ ಅದನ್ನು ಹೇಳಿದ್ದರು, ಜೊತೆಗೆ ಇನ್ನೊಂದು ಮಾತನ್ನೂ ಸೇರಿಸಿದ್ದರು: "ಮಾಸ್ತರ್ರೇ, ಅವತ್ತು ನೀರು ತಿರುಗೂವರೆಗೆ ಲಂಗರು ಹಾಕ್ಕಂಡು ಕೂತಿದ್ರೆ ಆಗ್ತಿತ್ತಲ್ರಾ?" ಲಂಗರು ದೋಣಿಯಲ್ಲಿತ್ತು. ಅದಕ್ಕೆ ಕಟ್ಟಿದ್ದ ಹಗ್ಗ ಹತ್ತು ಮೀಟರ್ ಮಾತ್ರ, ಆದುದರಿಂದ ಬಾಗಿಲಿನ ಆಳದಲ್ಲಿ ಅದು ನೆಲ ಹಿಡಿಯುವಂತಿರಲಿಲ್ಲ.

ಎರಡನೆಯ ಅಳತೆ ಮನುಷ್ಯನದು. ಕ್ರೀಡಾಪಟುವಲ್ಲದ, ಆರೋಗ್ಯವಂತನಾದ ವ್ಯಕ್ತಿ ಅರ್ಧ ತಾಸು ಬಿಡದೆ ದುಡಿಯುವಾಗ ಕೊಡಬಲ್ಲದ್ದು ತೊಂಬತ್ತು, ನೂರು ವಾಟ್. ಹುಟ್ಟಿನ ಅಲಗು ನೀರನ್ನು ಹಿಂದಕ್ಕೆ ಜಾರಿಸುವುದರಲ್ಲಿ, ಗಾಳಿಯಲ್ಲಿ ವಾಪಸು ಬರುವುದರಲ್ಲಿ ಮೂರರಲ್ಲೊಂದು ಪಾಲು ಸೋರಿಹೋಗುತ್ತದೆ. ದೋಣಿಯನ್ನು ಮುಂದೊತ್ತಲು ಉಳಿಯುವುದು 60 ವಾಟ್ ಎಂದು ಹಿಡಿಯಬಹುದು. ಇದು ಹಳೆಯ ತಂತಿಯ ಬಲ್ಬೊಂದರ ಶಕ್ತಿ. ಇದಕ್ಕೆ ಎದುರಾಗಿ ದೋಣಿಯ ಹಿಂಬದಿಗೆ ಹೊರಗಿನಿಂದ ತಗುಲಿಸುವ ಚಿಕ್ಕ ಪೆಟ್ರೋಲ್ ಔಟ್‌ಬೋರ್ಡ್ ಎಂಜಿನ್ ಎಂದರೆ ಎರಡೂವರೆ ಅಶ್ವಶಕ್ತಿಯದು, ಅಂದರೆ ಸುಮಾರು 1,860 ವಾಟ್. ಪ್ರೊಪೆಲ್ಲರ್ ಅದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ನೀರು ಕಲಕುವುದಕ್ಕೇ ಸುರಿದರೂ, ಉಳಿಯುವುದು ಮನುಷ್ಯನ ಕೊಡುಗೆಯ ಹತ್ತುಪಟ್ಟಿಗಿಂತ ಹೆಚ್ಚು. ಈ ಸಂಖ್ಯೆಗಳನ್ನಷ್ಟೇ ನೋಡಿದರೆ ವಾದ ಇಲ್ಲಿಗೇ ಮುಗಿಯಬೇಕು, ಮಗಳು ಗೆಲ್ಲಬೇಕು.

ಆದರೆ ವೇಗ ಶಕ್ತಿಗೆ ನೇರ ಅನುಪಾತದಲ್ಲಿ ಏರುವುದಿಲ್ಲ. ನೀರಿನ ಮೇಲೆ ತೇಲುವ ಒಡಲು ತಾನೇ ಎಬ್ಬಿಸಿದ ಅಲೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಅದರ ಮಿತಿ ನೀರಿಗೆ ತಾಗಿದ ಉದ್ದದ ಮೇಲೆ ನಿಲ್ಲುತ್ತದೆ. ಈ ದೋಣಿಗೆ ಆ ಮಿತಿ ಗಂಟೆಗೆ ಒಂಬತ್ತು ಕಿ.ಮೀ.ನ ಆಸುಪಾಸು. ಎಂಜಿನ್ನನ್ನು ಇನ್ನೂ ದೊಡ್ಡದು ಮಾಡಿದರೆ ಹಿಂಭಾಗ ಕೂರುತ್ತದೆ, ಮೂತಿ ಏಳುತ್ತದೆ, ವೇಗ ಹೆಚ್ಚೇನೂ ಆಗುವುದಿಲ್ಲ. ಇನ್ನೊಂದು ತುದಿಯಲ್ಲಿ, ಗಂಟೆಗೆ ನಾಲ್ಕು, ಐದು ಕಿ.ಮೀ. ವೇಗದಲ್ಲಿ ನೀರಿನ ತಡೆ ತೀರ ಕಡಿಮೆ. ನನ್ನ ಅಂದಾಜಿನಲ್ಲಿ 25ರಿಂದ 30 ನ್ಯೂಟನ್, ಅಂದರೆ ಮೂರು ಕಿಲೋ ತೂಕದಷ್ಟು ಎಳೆತ. ಗಾಳಿಯಿಲ್ಲದ, ಓಟವಿಲ್ಲದ ನೀರಿನಲ್ಲಿ 60 ವಾಟ್ ಈ ದೋಣಿಗೆ ಧಾರಾಳ ಸಾಕು.

ನಿಜವಾದ ಶತ್ರು ಎದುರುಗಾಳಿ. ಅಳಿವೆಯಲ್ಲಿ ರಾತ್ರಿಯಿಂದ ಬೆಳಗಿನವರೆಗೆ ಬೀಸುವ ಮೂಡಗಾಳಿ ಕಣಿವೆಯುದ್ದಕ್ಕೂ ಇಳಿದು ನೇರವಾಗಿ ಬಾಗಿಲಿನಿಂದ ಹೊರಗೆ ಬರುತ್ತದೆ, ಅಂದರೆ ಇಳಿತದ ಓಟವೂ ಗಾಳಿಯೂ ಒಟ್ಟಾಗಿ ಒಳಬರುವವನ ಎದೆಗೆ ಹೊಡೆಯುತ್ತವೆ. ಗಂಟೆಗೆ 18 ಕಿ.ಮೀ.ನ ಗಾಳಿಯಲ್ಲಿ ನಿಂತ ಕಂಬ, ಸುತ್ತಿಟ್ಟ ಹಾಯಿ, ಅದರ ಅಡ್ಡಗಳುಗಳು ಮತ್ತು ಮೂರು ಮೈಗಳು ಸೇರಿ ಸುಮಾರು 55 ನ್ಯೂಟನ್ ತಡೆಯೊಡ್ಡುತ್ತವೆ, ನೀರಿನ ತಡೆಯ ಎರಡರಷ್ಟು. ಈ ಸ್ಥಿತಿಯಲ್ಲಿ 60 ವಾಟಿಗೆ ಸಿಗುವ ವೇಗ ಗಂಟೆಗೆ 3.1 ಕಿ.ಮೀ.; ಎದುರು ಓಟ 3.4. ದೋಣಿ ಹಿಂದಕ್ಕೆ ಜಾರುತ್ತದೆ.

ಕಂಬವನ್ನು ಕೆಳಗಿಳಿಸಿ ದೋಣಿಯೊಳಗೆ ಮಲಗಿಸಿದರೆ ಗಾಳಿಯ ತಡೆ ಹೆಚ್ಚುಕಡಿಮೆ ಅರ್ಧಕ್ಕಿಳಿದು ವೇಗ 4.1 ಕಿ.ಮೀ.ಗೆ ಏರುತ್ತದೆ. ಗೆಲುವು ಗಂಟೆಗೆ 0.7 ಕಿ.ಮೀ. ಮಾತ್ರ, ಆದರೂ ಗೆಲುವು. ಇಬ್ಬರು ಏಕಕಾಲಕ್ಕೆ ಹುಟ್ಟು ಹಾಕಿದರೆ 5.2 ಕಿ.ಮೀ.ವರೆಗೆ ಹೋಗಬಹುದು. ನಾವು ಲೆಕ್ಕಕ್ಕೆ ಹಿಡಿದ ಅರ್ಧ ಕಿ.ಮೀ. ಉದ್ದದ ಜೋರುನೀರನ್ನು ಇಬ್ಬರು ಹುಟ್ಟಿನಿಂದ ಹದಿನೇಳು ನಿಮಿಷದಲ್ಲಿ ದಾಟುತ್ತಾರೆ. ಎಂಜಿನ್ನು ಅರ್ಧ ಜೋರಿನಲ್ಲಿ, 7.5 ಕಿ.ಮೀ. ವೇಗದಲ್ಲಿ ಏಳೂ ಚಿಲ್ಲರೆ ನಿಮಿಷದಲ್ಲಿ ದಾಟಿಸುತ್ತದೆ. ಮನೆಯಲ್ಲಿ ವಾರಗಟ್ಟಲೆ ನಡೆದ ಜಗಳದ ಬೆಲೆ ಹತ್ತು ನಿಮಿಷ ಎಂದು ನಾನು ಹೇಳಿದಾಗ ಇಬ್ಬರೂ ನಂಬಲಿಲ್ಲ, ಮಾಸ್ತರ್ರೂ ಸಹ. ಏಕೆಂದರೆ ನಲವತ್ತು ನಿಮಿಷ ತೆಂಗಿನಮರ ಕದಲದಿದ್ದುದನ್ನು ಅವರು ಕಣ್ಣಾರೆ ಕಂಡಿದ್ದರು. ಅಂದು ಎದುರುಗಾಳಿಯೂ ಇರಲಿಲ್ಲ. ಹಾಗಾದರೆ 60 ವಾಟ್ ಎಲ್ಲಿ ಹೋಯಿತು?

ಹುಟ್ಟುಗಳ ತಪ್ಪು

ಉತ್ತರ ದೋಣಿಯ ತಳದಲ್ಲೇ ಬಿದ್ದಿತ್ತು. ಮಾಸ್ತರ್ರು ಬಳಸುತ್ತಿದ್ದ ಹುಟ್ಟುಗಳು 2.1 ಮೀಟರಿನವು, ಗಾಳಿ ತುಂಬುವ ರಬ್ಬರ್ ದೋಣಿಗೆಂದು ಮಾರುವ ಅಲ್ಯೂಮಿನಿಯಂ ಕೊಳವೆಗೆ ಪ್ಲಾಸ್ಟಿಕ್ ಅಲಗು ಸಿಕ್ಕಿಸಿದ ಜೋಡಿ. ದೋಣಿಯೊಳಗೆ ಇಟ್ಟುಕೊಳ್ಳಲು ಅನುಕೂಲವೆಂಬ ಒಂದೇ ಕಾರಣಕ್ಕೆ ಅವನ್ನು ಕೊಂಡಿದ್ದರು, ಹಾಯಿದೋಣಿಯವರಲ್ಲಿ ಹೆಚ್ಚಿನವರು ಮಾಡುವುದು ಇದನ್ನೇ.

ಹುಟ್ಟಿನ ಉದ್ದಕ್ಕೆ ದೋಣಿ ಕಟ್ಟುವವರಲ್ಲಿ ಹಳೆಯ ಲೆಕ್ಕವೊಂದಿದೆ. ಹುಟ್ಟನ್ನು ಹಿಡಿದಿಡುವ ಲೋಹದ ಕವಲುಗಳಿಗೆ ರೋಲಾಕ್ ಎನ್ನುತ್ತಾರೆ. ಎರಡು ಬದಿಯ ರೋಲಾಕುಗಳ ನಡುವಿನ ಅಂತರವನ್ನು ಅರ್ಧ ಮಾಡಿ, ಅದಕ್ಕೆ ಐದು ಸೆಂ.ಮೀ. ಕೂಡಿಸಿದರೆ ಹುಟ್ಟಿನಲ್ಲಿ ದೋಣಿಯೊಳಗೆ ಇರಬೇಕಾದ ಭಾಗ ಸಿಗುತ್ತದೆ. ಒಳಗಿನ ಭಾಗ ಏಳು ಪಾಲಾದರೆ ಹೊರಗಿನದು ಹದಿನೆಂಟು ಪಾಲಿರಬೇಕು. ಈ ದೋಣಿಯ ನಡುಪೀಠದಲ್ಲಿ ಅಂತರ 150 ಸೆಂ.ಮೀ.; ಒಳಭಾಗ 80, ಒಟ್ಟು ಉದ್ದ 286 ಸೆಂ.ಮೀ. ಅಂದರೆ ಮಾಸ್ತರ್ರ ಹುಟ್ಟುಗಳು ಮುಕ್ಕಾಲು ಮೀಟರ್ ಗಿಡ್ಡ. ಗಿಡ್ಡ ಹುಟ್ಟಿನ ಅಲಗು ನೀರನ್ನು ಮುಟ್ಟಬೇಕಾದರೆ ಕೈಗಳನ್ನು ಎದೆಯ ಮಟ್ಟಕ್ಕೆ ಎತ್ತಬೇಕಾಗುತ್ತದೆ, ಅಲಗು ಕಡಿದಾದ ಕೋನದಲ್ಲಿ ಇಳಿದು ನೀರನ್ನು ಹಿಂದಕ್ಕೆ ದೂಡುವ ಬದಲು ಮೇಲಕ್ಕೆತ್ತುತ್ತದೆ, ಒಂದೊಂದು ಎಳೆತವೂ ಮೊಟಕಾಗುತ್ತದೆ. ದಣಿವು ಪೂರ್ತಿ, ಫಲ ಅರ್ಧ.

ಅದಷ್ಟೇ ಅಲ್ಲ. ರೋಲಾಕುಗಳನ್ನು ಪೀಠದ ನೇರಕ್ಕೇ ಕೂರಿಸಿದ್ದರು; ಹುಟ್ಟು ಹಾಕುವವನು ಹಿಂದಕ್ಕೆ ಮುಖಮಾಡಿ ಕೂರುವುದರಿಂದ ಅವು ಪೀಠದ ಅಂಚಿನಿಂದ ಮೂವತ್ತು ಸೆಂ.ಮೀ. ದೋಣಿಯ ಹಿಂಭಾಗದ ಕಡೆಗಿರಬೇಕು. ಪಾದ ಒತ್ತಲು ಅಡ್ಡಪಟ್ಟಿ ಇರಲಿಲ್ಲ, ಕಾಲಿಗೆ ಆಸರೆ ಇಲ್ಲದವನು ಬೆನ್ನಿನಿಂದ ಎಳೆಯಲಾರ, ತೋಳಿನಿಂದಷ್ಟೇ ಎಳೆಯುತ್ತಾನೆ. ನಾನು ಇವನ್ನೆಲ್ಲ ಒಂದೊಂದಾಗಿ ತೋರಿಸುತ್ತ ಹೋದಂತೆ ಮಾಸ್ತರ್ರ ಮುಖ ಸಣ್ಣದಾಯಿತು, ಎರಡು ವರ್ಷ ಒಡಲಿನ ಒಂದೊಂದು ಕೀಲನ್ನೂ ತೂಗಿ ನೋಡಿದವರು ಅವರು. ಆದರೆ ಹಾಯಿದೋಣಿ ಕಟ್ಟುವವನ ಕಣ್ಣು ಹಾಯಿಯ ಮೇಲಿರುತ್ತದೆ. ಹುಟ್ಟು ಅವನಿಗೆ ಕೊನೆಯಲ್ಲಿ ಅಂಗಡಿಯಿಂದ ತರುವ ಸಾಮಾನು.

ಪೈನ್ ಹಲಗೆಗಳನ್ನು ಇಪಾಕ್ಸಿಯಲ್ಲಿ ಜೋಡಿಸಿ ಅಂಟಿಸಿ, ಕೈಯುಳಿಯಿಂದ ಕೆತ್ತಿ ಎರಡು ಜೊತೆ ಹುಟ್ಟುಗಳನ್ನು ಮೂರು ವಾರದಲ್ಲಿ ಮಾಡಿದೆವು. ಸಾಗುವಾನಿ ಕೈಗೆ ಸಿಗುತ್ತಿತ್ತು, ಆದರೆ ಪೈನಿಗಿಂತ ಭಾರ. ಪ್ರತಿ ಎಳೆತಕ್ಕೂ ಎತ್ತಿ ಇಳಿಸಬೇಕಾದ ವಸ್ತುವಿನಲ್ಲಿ ಕಾಲು ಕಿಲೋ ಕೂಡ ಲೆಕ್ಕಕ್ಕೆ ಬರುತ್ತದೆ. ನಡುಪೀಠಕ್ಕೆ 2.86 ಮೀಟರಿನ ಜೊತೆ. ದೋಣಿ ಕಿರಿದಾಗುವ ಮುಂದಿನ ಪೀಠದಲ್ಲಿ ಅಂತರ 130 ಸೆಂ.ಮೀ. ಆದ್ದರಿಂದ ಅಲ್ಲಿಗೆ ಎರಡೂವರೆ ಮೀಟರಿನದು. ರೋಲಾಕ್ ತಾಗುವಲ್ಲಿ ಮರ ಸವೆಯದಂತೆ ಚರ್ಮದ ಪಟ್ಟಿ ಸುತ್ತಿದೆವು. ಇಷ್ಟುದ್ದದ ಹುಟ್ಟುಗಳನ್ನು ಇಡುವುದು ನಿಜಕ್ಕೂ ತೊಡಕು: ಪೀಠಗಳಡಿಯಲ್ಲಿ ಎರಡೂ ಬದಿಗೆ ತೂರಿಸಿಟ್ಟರೂ ಹಾಯಿ ತಿರುಗಿಸುವಾಗ ಯಾರಾದರೊಬ್ಬರು ಎಡವುತ್ತಲೇ ಇರುತ್ತಾರೆ.

ಗಾಳಿಯಿಲ್ಲದ ಬೆಳಿಗ್ಗೆ, ನೀರು ನಿಂತ ಹೊತ್ತಿನಲ್ಲಿ, ಅದೇ ಎರಡು ಗೂಟಗಳ ನಡುವೆ ಮಾಸ್ತರ್ರೊಬ್ಬರೇ ಹುಟ್ಟು ಹಾಕಿದರು. ಹಳೆಯ ಜೊತೆಯಲ್ಲಿ ನೂರು ಮೀಟರಿಗೆ 112 ಸೆಕೆಂಡು, ಹೊಸದರಲ್ಲಿ 76. ಗಂಟೆಗೆ 3.2 ಕಿ.ಮೀ. ಇದ್ದದ್ದು 4.7 ಆಯಿತು. ಫೆಬ್ರವರಿಯ ಸಂಜೆ ತೆಂಗಿನಮರ ಕದಲದೆ ನಿಂತದ್ದೇಕೆ ಎಂಬುದು ಆಗ ತಿಳಿಯಿತು: ಅವರ ವೇಗ 3.2, ನೀರಿನ ಓಟ 3.4.

ಎಂಜಿನ್ ಪರವಾಗಿ, ವಿರುದ್ಧವಾಗಿ

ಇಷ್ಟಾದ ಮೇಲೂ ಎಂಜಿನ್ನಿನ ಪ್ರಶ್ನೆ ಮುಗಿದಿರಲಿಲ್ಲ, ಮುಗಿಯಬಾರದಿತ್ತು ಸಹ. ಮಗಳ ವಾದದಲ್ಲಿ ಗಟ್ಟಿಯಾದ ಅಂಶವೊಂದಿತ್ತು. ಹುಟ್ಟಿನ ಶಕ್ತಿ ಅದನ್ನು ಹಿಡಿದವನ ಶಕ್ತಿ. ಅವನು ಜ್ವರ ಬಂದು ಕುಳಿತರೆ, ಭುಜ ಉಳುಕಿಸಿಕೊಂಡರೆ, ಅಥವಾ ಅರವತ್ತೆರಡು ವರ್ಷದವನು ಎಪ್ಪತ್ತಾದರೆ ದೋಣಿಯ ಎಂಜಿನ್ನೇ ಕೆಟ್ಟಂತೆ. ಮಾಸ್ತರ್ರು ಎಷ್ಟೋ ದಿನ ಒಬ್ಬರೇ ಹೋಗುತ್ತಾರೆ. ಇಬ್ಬರ ಲೆಕ್ಕ ಆಗ ಅನ್ವಯವಾಗುವುದಿಲ್ಲ.

ನಮ್ಮ ಕರಾವಳಿಯಲ್ಲಿ ಔಟ್‌ಬೋರ್ಡ್ ಅಪರೂಪದ ವಸ್ತುವೂ ಅಲ್ಲ. ನಾಡದೋಣಿಗಳು ದಶಕಗಳಿಂದ ಅದರ ಮೇಲೆಯೇ ನಡೆದಿವೆ. ಪೆಟ್ರೋಲಿನಲ್ಲಿ ಶುರುವಾಗಿ ಸೀಮೆಎಣ್ಣೆಯಲ್ಲಿ ಓಡುವ ಎಂಟು, ಹತ್ತು ಅಶ್ವಶಕ್ತಿಯ ಎಂಜಿನ್ನುಗಳನ್ನು ಬಿಚ್ಚಿ ಜೋಡಿಸಬಲ್ಲವರು ಮೀನುಗಾರರ ಊರುಗಳಲ್ಲಿ ಸಿಗುತ್ತಾರೆ. ಹಾಗಾಗಿ ಪರಿಚಯದವರು ಮೊದಲು ಕೊಟ್ಟ ಸಲಹೆ ಅಂಥದ್ದೇ ಒಂದು ಹಳೆಯ ಎಂಜಿನ್ ಕೊಳ್ಳುವುದು. ಅದು ತಪ್ಪು ಸಲಹೆ. ಸುಮಾರು ನಲವತ್ತು ಕಿಲೋ ತೂಕವನ್ನು 120 ಕಿಲೋದ ದೋಣಿಯ ಹಿಂಬದಿಯ ಹಲಗೆಗೆ ನೇತುಹಾಕಿದರೆ, ಚುಕ್ಕಾಣಿ ಹಿಡಿದವನ ಭಾರವೂ ಅಲ್ಲೇ ಸೇರಿ, ಹಿಂಭಾಗ ಮುಳುಗಿ ನೀರನ್ನು ಎಳೆದುಕೊಂಡು ಹೋಗುತ್ತದೆ. ಹಾಯಿಯ ಓಟ ಅಲ್ಲಿಗೆ ಕೆಟ್ಟಂತೆ. ಪರಿಗಣಿಸಬಹುದಾದದ್ದು ಎರಡೂವರೆ ಅಶ್ವಶಕ್ತಿಯ, 13ರಿಂದ 18 ಕಿಲೋ ತೂಗುವ, ಒಂದು ಲೀಟರಿನಷ್ಟು ಪೆಟ್ರೋಲನ್ನು ತನ್ನೊಳಗೇ ಹಿಡಿಯುವ ಫೋರ್‌ಸ್ಟ್ರೋಕ್ ಎಂಜಿನ್. ಪೂರ್ಣ ಜೋರಿನಲ್ಲಿ ಆ ಒಂದು ಲೀಟರ್ ಒಂದು ತಾಸಿನ ಆಸುಪಾಸಿನಲ್ಲಿ ಮುಗಿಯುತ್ತದೆ. ಈ ಬಳಕೆಗೆ ಅಷ್ಟು ಸಾಕು.

ಅದರ ವಿರುದ್ಧ ನನಗೆ ಕಂಡ ಆಕ್ಷೇಪಗಳಲ್ಲಿ ಶಬ್ದ ಮತ್ತು ಹೊಗೆ ಇರಲಿಲ್ಲ. ಹತ್ತು ನಿಮಿಷದ ಶಬ್ದವನ್ನು ಯಾರಾದರೂ ಸಹಿಸಬಹುದು. ನನ್ನ ಮೊದಲ ಆಕ್ಷೇಪ ಈ ಅಳಿವೆಯ ತಳಕ್ಕೆ ಸಂಬಂಧಿಸಿದ್ದು. ದಿಬ್ಬಗಳ ಮೇಲೆ ಇಳಿತದಲ್ಲಿ ಮೊಣಕಾಲು ನೀರು. ಅಲ್ಲಿ ಪ್ರೊಪೆಲ್ಲರ್ ಚಿಪ್ಪಿಗೆ ಹೊಡೆದು ರಕ್ಷಣೆಗೆಂದು ಇಟ್ಟ ಪಿನ್ನು ತುಂಡಾಗುತ್ತದೆ, ನೀರಿನಿಂದ ತಂಪಾಗುವ ಎಂಜಿನ್ನು ಕೆಸರನ್ನು ಹೀರುತ್ತದೆ. ದಂಡೆಯ ಬದಿಯ ನಿಧಾನ ನೀರಿನ ಲಾಭವನ್ನು ಪಡೆಯಲು ಹೋದರೂ ಇದೇ ಕಥೆ. ಎರಡನೆಯದು ಬಲೆಗಳು. ಅಳಿವೆಯಲ್ಲಿ ಬಲೆ ಬಿಟ್ಟಿರದ ಸಂಜೆ ಇಲ್ಲ. ಹುಟ್ಟಿನ ದೋಣಿ ಬಲೆಯ ಮೇಲೆ ಜಾರಿ ಹೋಗುತ್ತದೆ, ಪ್ರೊಪೆಲ್ಲರ್ ಬಲೆಯನ್ನು ಸುತ್ತಿಕೊಳ್ಳುತ್ತದೆ, ಆಮೇಲೆ ಬಲೆಯವನಿಗೆ ಉತ್ತರ ಹೇಳುವುದು ಎಂಜಿನ್ ಸರಿಮಾಡುವುದಕ್ಕಿಂತ ಕಷ್ಟ. ಮೂರನೆಯದು, ಪಡುಗಾಳಿಗೆ ಇಳಿತ ಎದುರಾದಾಗ ಬಾಗಿಲಿನಲ್ಲಿ ಏಳುವ ಗಿಡ್ಡ, ಕಡಿದಾದ ಅಲೆಗಳು: ಒಬ್ಬರು ಮುಂದಕ್ಕೆ ಹೋದರೆ ದೋಣಿಯ ಹಿಂಭಾಗ ಎದ್ದು ಪ್ರೊಪೆಲ್ಲರ್ ಗಾಳಿಯನ್ನು ಕಡೆಯುತ್ತದೆ, ಬೇಕಾದ ಹೊತ್ತಿನಲ್ಲಿಯೇ ಒತ್ತು ಮಾಯವಾಗುತ್ತದೆ.

ಆದರೆ ಎಲ್ಲಕ್ಕಿಂತ ನನ್ನನ್ನು ಕಾಡಿದ್ದು ಬೇರೆ. ಮೀನುಗಾರನ ಎಂಜಿನ್ ದಿನವೂ ಓಡುತ್ತದೆ, ಆದ್ದರಿಂದ ದಿನವೂ ಶುರುವಾಗುತ್ತದೆ. ಹಾಯಿದೋಣಿಯ ಎಂಜಿನ್ ತಿಂಗಳಿಗೊಮ್ಮೆ ಓಡುತ್ತದೆ. ಎಥೆನಾಲ್ ಬೆರೆತ ಪೆಟ್ರೋಲ್ ಕರಾವಳಿಯ ತೇವವನ್ನು ಹೀರಿ ಟ್ಯಾಂಕಿನಲ್ಲಿ ನಿಲ್ಲುತ್ತದೆ, ಕಾರ್ಬ್ಯುರೇಟರಿನ ಸೂಜಿರಂಧ್ರಗಳಲ್ಲಿ ಅಂಟು ಕಟ್ಟುತ್ತದೆ, ಸಿಹಿನೀರು ಹಾಯಿಸಿ ತೊಳೆಯದಿದ್ದರೆ ಒಳಗೆ ಉಪ್ಪು ಕೂರುತ್ತದೆ. ಮಳೆಗಾಲದ ನಾಲ್ಕು ತಿಂಗಳು ಚಪ್ಪರದಡಿ ಕೂತ ಎಂಜಿನ್ನು ಅಕ್ಟೋಬರಿನ ಮೊದಲ ಸಂಕಟದಲ್ಲಿ ಹಗ್ಗ ಎಳೆದ ಕೂಡಲೇ ಎದ್ದೀತೆಂಬ ಭರವಸೆಯ ಮೇಲೆ ಅಳಿವೆ ದಾಟುವವನು, ಎಂಜಿನ್ನೇ ಇಲ್ಲದೆ ದಾಟುವವನಿಗಿಂತ ಹೆಚ್ಚು ಅಪಾಯದಲ್ಲಿರುತ್ತಾನೆ. ಏಕೆಂದರೆ ಎಂಜಿನ್ ಇಲ್ಲದವನು ಉಬ್ಬರದ ವೇಳೆಯನ್ನು ನೋಡಿಕೊಂಡು ಹೊರಡುತ್ತಾನೆ. ಕಾನೂನಿನ ಮಾತೂ ಇದೆ: 1917ರ ಹಳೆಯ ಕಾಯ್ದೆಯ ಜಾಗಕ್ಕೆ ಬಂದ 2021ರ ಒಳನಾಡು ಹಡಗುಗಳ ಕಾಯ್ದೆ ಯಂತ್ರದಿಂದ ಚಲಿಸುವ ಜಲವಾಹನಗಳಿಗೆ ತಪಾಸಣೆ ಮತ್ತು ನೋಂದಣಿಯನ್ನು ವಿಧಿಸುತ್ತದೆ, ಹೀಗಾಗಿ ಎಂಜಿನ್ ಕೂರಿಸಿದ ದಿನವೇ ದೋಣಿ ಬೇರೊಂದು ವರ್ಗಕ್ಕೆ ಸೇರುತ್ತದೆ.

ವಿದ್ಯುತ್ ಮೋಟಾರನ್ನು ಮಗಳೇ ಮುಂದಿಟ್ಟಳು, ಮತ್ತು ಎಂಜಿನ್ ಪಕ್ಷದ ಅತ್ಯುತ್ತಮ ಪ್ರಸ್ತಾಪ ಅದೇ. 12 ವೋಲ್ಟಿನ, 55 ಪೌಂಡ್ ಒತ್ತಿನ ಮೋಟಾರ್ ಪೂರ್ಣ ಜೋರಿನಲ್ಲಿ 50 ಆಂಪಿಯರ್ ಹೀರುತ್ತದೆ. 100 ಆಂಪಿಯರ್-ಅವರಿನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, ಹನ್ನೆರಡು ಕಿಲೋದ ಆಸುಪಾಸಿನದು, ಅದನ್ನು ಎರಡು ತಾಸು ಓಡಿಸುತ್ತದೆ. ಬ್ಯಾಟರಿಯನ್ನು ದೋಣಿಯ ನಡುವೆ ಇಡಬಹುದಾದ್ದರಿಂದ ಹಿಂಭಾಗದ ಭಾರದ ಸಮಸ್ಯೆ ಕಡಿಮೆಯಾಗುತ್ತದೆ, ಗುಂಡಿ ಒತ್ತಿದ ಕೂಡಲೇ ತಿರುಗುತ್ತದೆ, ಹಳಸುವ ಪೆಟ್ರೋಲಿಲ್ಲ. ಚಿಪ್ಪು, ಬಲೆ, ಅಲೆಗಳ ಆಕ್ಷೇಪಗಳು ಮಾತ್ರ ಹಾಗೆಯೇ ಉಳಿಯುತ್ತವೆ, ಜೊತೆಗೆ ಉಪ್ಪುನೀರಿನಲ್ಲಿ ತುಕ್ಕು ಹಿಡಿಯುವ ತಂತಿಯ ಜೋಡಣೆಗಳ ಕಾಟ.

ಈ ಹಂತದಲ್ಲಿ ಮಾಸ್ತರ್ರು ತಮ್ಮ ಪಕ್ಷಕ್ಕೆ ಲಿನ್ ಮತ್ತು ಲ್ಯಾರಿ ಪಾರ್ಡಿ ದಂಪತಿಯನ್ನು ಕರೆತಂದರು. ಅವರ 24 ಅಡಿಯ ಸೆರಾಫಿನ್ ಎಂಬ ಹಾಯಿದೋಣಿ 1968ರಲ್ಲಿ ನೀರಿಗಿಳಿದು, ಎಂಜಿನ್ನೇ ಇಲ್ಲದೆ, ಗಾಳಿ ಬಿದ್ದಾಗ ಹಿಂಬದಿಯ ಒಂದೇ ಉದ್ದ ಹುಟ್ಟಿನ ಬಲದಿಂದ ಬಂದರುಗಳನ್ನು ಹೊಕ್ಕು ಹೊರಟು ಭೂಮಿಯನ್ನೇ ಸುತ್ತಿ ಬಂದದ್ದು ನಿಜ. ಎಂಜಿನ್ ಬೇಡವೆನ್ನುವವರು ಪ್ರತಿ ಸಲವೂ ಈ ಉದಾಹರಣೆ ಕೊಡುತ್ತಾರೆ. ನನಗೆ ಅದು ಇಲ್ಲಿ ಹೊಂದುತ್ತದೆಂದು ಅನಿಸಲಿಲ್ಲ. ಆ ದಂಪತಿಗೆ ಸೋಮವಾರ ಬೆಳಿಗ್ಗೆ ಬೆಂಗಳೂರಿನ ಕಚೇರಿಗೆ ಹೋಗಬೇಕಿರಲಿಲ್ಲ. ನೀರು ತಿರುಗುವವರೆಗೆ ಲಂಗರು ಹಾಕಿ ಕೂರುವ ಬಿಡುವು ಅವರ ಬದುಕಿನಲ್ಲೇ ಇತ್ತು. ಹುಟ್ಟನ್ನು ನೆಚ್ಚುವವನಿಗೆ ಮೊದಲು ಬೇಕಾದದ್ದು ತೋಳಲ್ಲ, ಬಿಡುವು.

ತೀರ್ಮಾನ

ಏಪ್ರಿಲ್ ಮೊದಲ ವಾರ ನಾನು ಬರೆದುಕೊಟ್ಟ ಸಲಹೆಯ ತಿರುಳು ಇದು. ಸದ್ಯ ಎಂಜಿನ್ ಬೇಡ. ದೋಣಿಯಲ್ಲಿ ಎರಡು ಜೊತೆ ಸರಿಯುದ್ದದ ಹುಟ್ಟು ಯಾವಾಗಲೂ ಇರಬೇಕು. ಲಂಗರಿಗೆ ನಲವತ್ತು ಮೀಟರ್ ಹಗ್ಗ, ಅದರ ತುದಿಗೆ ಮೂರು ಮೀಟರ್ ಸರಪಳಿ. ಈ ಇಡೀ ಪ್ರಕರಣದಲ್ಲಿ ಅತಿ ಕಡಿಮೆ ಖರ್ಚಿನ, ಅತಿ ಹೆಚ್ಚು ಫಲದ ಬದಲಾವಣೆ ಇದೇ ಎಂಬುದು ನನ್ನ ಎಣಿಕೆ, ಮತ್ತು ಅದನ್ನು ಹೇಳಿದ್ದು ನಾನಲ್ಲ, ಗೂಟದ ಬಳಿ ನಿಂತಿದ್ದ ಅಂಬಿಗರು. ಹಿನ್ನೀರಿನ ದಿಬ್ಬಗಳ ನಡುವೆ ಹುಟ್ಟಿಗೂ ಜಾಗವಿಲ್ಲದಲ್ಲಿ ಬಿದಿರಿನ ಗಳ. ಇದೂ ಅವರದೇ ಮಾತು. ಎದುರುಗಾಳಿಯಲ್ಲಿ ಹುಟ್ಟು ಹಿಡಿಯುವ ಮುಂಚೆ ಕಂಬವನ್ನು ಇಳಿಸಬೇಕು. ಉಬ್ಬರ ತುಂಬಿದ ಒಂದು ತಾಸಿನೊಳಗೆ ಬಾಗಿಲನ್ನು ಒಳದಾಟಬೇಕು, ತಡವಾದರೆ ಹೊರಗೆ ಲಂಗರು ಹಾಕಿ ಕಾಯಬೇಕು. ಉಬ್ಬರ ದಿನದಿಂದ ದಿನಕ್ಕೆ ಐವತ್ತು ನಿಮಿಷದಷ್ಟು ಮುಂದೆ ಸರಿಯುವುದರಿಂದ, ಕಳೆದ ಶನಿವಾರದ ವೇಳೆಯನ್ನು ಈ ಶನಿವಾರಕ್ಕೆ ಎತ್ತಿಕೊಳ್ಳಬಾರದು. ಒಬ್ಬರೇ ಇದ್ದ ದಿನ ಬಾಗಿಲು ದಾಟುವುದೇ ಬೇಡ.

ಕೊನೆಯ ಷರತ್ತನ್ನು ಮಾಸ್ತರ್ರು ಒಪ್ಪಲು ಎರಡು ವಾರ ಹಿಡಿಯಿತು. ಮಗಳು ಸಲಹೆಯನ್ನು ಒಪ್ಪಿದಳಾದರೂ ಅದರ ಕೆಳಗೆ ತನ್ನ ಭಿನ್ನಾಭಿಪ್ರಾಯವನ್ನು ಬರೆಸಿದಳು: ನಿಯಮಗಳೆಲ್ಲ ಅಪ್ಪ ಪಾಲಿಸುತ್ತಾರೆಂಬ ನಂಬಿಕೆಯ ಮೇಲೆ ನಿಂತಿವೆ, ಎಂಜಿನ್ನಿಗೆ ಆ ನಂಬಿಕೆ ಬೇಕಿಲ್ಲ. ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಇಂದಿಗೂ ಇಲ್ಲ.

ಮುಂದಿನ ತಿಂಗಳುಗಳು

ಆ ವರ್ಷ ಮಳೆಗೆ ಮುಂಚೆ ದೋಣಿ ಒಟ್ಟು ಹದಿನಾಲ್ಕು ಸಲ ನೀರಿಗಿಳಿಯಿತು, ಐದು ಸಲ ಬಾಗಿಲು ದಾಟಿತು. ಅದರಲ್ಲೊಮ್ಮೆ, ಮೇ ತಿಂಗಳ ಎರಡನೆಯ ಭಾನುವಾರ, ಲೆಕ್ಕ ತಪ್ಪಿ ಇಳಿತ ಶುರುವಾದ ಎರಡು ತಾಸಿನ ಮೇಲೆ ಹಿಂದಿರುಗಿದರು. ಅಂದು ತಂದೆ, ಮಗಳು ಇಬ್ಬರೂ ದೋಣಿಯಲ್ಲಿದ್ದರು. ಕಂಬ ಇಳಿಸಿ, ಎರಡೂ ಜೊತೆ ಹುಟ್ಟು ಹಾಕಿ, ತೆಂಕಣ ದಂಡೆಗುಂಟ ಕಲ್ಲುಗಳಿಂದ ಹತ್ತು ಮೀಟರ್ ದೂರ ಕಾಯ್ದುಕೊಂಡು ಬಂದರು. ಗಡಿಯಾರದ ಪ್ರಕಾರ ಹದಿನಾಲ್ಕು ನಿಮಿಷ. ಮಗಳ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಇನ್ನೊಮ್ಮೆ ಮಾಸ್ತರ್ರ ಹಳೆಯ ಸಹೋದ್ಯೋಗಿಗಳಿಬ್ಬರು ಅತಿಥಿಗಳಾಗಿದ್ದ ದಿನ ಹೊರಗೆ ಲಂಗರು ಹಾಕಿ ಎರಡು ತಾಸು ನಲವತ್ತು ನಿಮಿಷ ಕಾಯಬೇಕಾಯಿತು. ಅತಿಥಿಗಳಲ್ಲಿ ಒಬ್ಬರಿಗೆ ನಿಂತ ದೋಣಿಯ ಓಲಾಟದಲ್ಲಿ ವಾಂತಿ ಶುರುವಾಗಿ, ದಡ ಸೇರುವವರೆಗೂ ನಿಲ್ಲಲಿಲ್ಲ. ಅಂದು ಎಂಜಿನ್ ಇದ್ದಿದ್ದರೆ ಒಳ್ಳೆಯದಿತ್ತು ಎಂಬುದನ್ನು ಒಪ್ಪದಿರಲು ಸಾಧ್ಯವಿಲ್ಲ. ಹೊಸಬರನ್ನು ಕರೆದೊಯ್ಯುವುದೇ ಈ ದೋಣಿಯ ಮುಖ್ಯ ಕೆಲಸವಾಗಿದ್ದಿದ್ದರೆ ನನ್ನ ಸಲಹೆ ಬೇರೆಯಾಗಿರುತ್ತಿತ್ತು.

ಹಿನ್ನೀರಿನೊಳಗೆ ಮಾತ್ರ ಎಂಜಿನ್ನಿನ ಕೊರತೆ ಯಾರಿಗೂ ಕಾಣಲಿಲ್ಲ. ಗಾಳಿ ಬಿದ್ದ ಸಂಜೆಗಳಲ್ಲಿ ಕಾಂಡ್ಲಾದ ನಡುವೆ ಹುಟ್ಟು ಹಾಕುತ್ತ ಮನೆಗೆ ಬರುವುದನ್ನು ಮಾಸ್ತರ್ರು ಈಗ ಹಾಯಿಯಷ್ಟೇ ಇಷ್ಟಪಡುತ್ತಾರೆ, ಮತ್ತು ಹಳೆಯ ಅಲ್ಯೂಮಿನಿಯಂ ಜೊತೆ ಅಂಗಳದಲ್ಲಿ ಮಲ್ಲಿಗೆ ಬಳ್ಳಿಗೆ ಆಸರೆಯಾಗಿ ನಿಂತಿದೆ.

ಜೂನಿನಲ್ಲಿ ದೋಣಿಯನ್ನು ಚಪ್ಪರದಡಿ ಕವುಚಿ ಹಾಕಿದ ಮೇಲೆ ಅವರು ಬಣ್ಣ ಬಳಿಯುವುದರ ಜೊತೆಗೆ ಇನ್ನೊಂದು ಕೆಲಸವನ್ನು ನನಗೆ ಹೇಳದೆ ಮಾಡಿದ್ದರು. ಹಿಂಬದಿಯ ಹಲಗೆಗೆ ಒಳಗಿನಿಂದ ಹದಿನೆಂಟು ಮಿ.ಮೀ. ದಪ್ಪದ ಪ್ಲೈವುಡ್ ತುಂಡೊಂದನ್ನು ಇಪಾಕ್ಸಿಯಲ್ಲಿ ಅಂಟಿಸಿ, ನಯಮಾಡಿ, ಬಣ್ಣ ಹಚ್ಚಿದ್ದರು. ಅದರ ಅಳತೆ ಮೋಟಾರಿನ ಬ್ರಾಕೆಟ್ಟಿಗೆ ಸರಿಯಾಗಿದೆ. ಬೋಲ್ಟಿನ ತೂತುಗಳನ್ನು ಇನ್ನೂ ಕೊರೆದಿಲ್ಲ.